ಅರಿವಳಿಕೆಗೆ ಮುನ್ನ: ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಸಾಕುನಾಯಿಗಳ ಎಂಆರ್‌ಐ ಸಿದ್ಧತೆ

ಮಿದುಳು, ಬೆನ್ನುಹುರಿಯ ಕಾಯಿಲೆ ಪತ್ತೆಗೆ ಎಂಆರ್‌ಐ ಅತ್ಯಂತ ಸೂಕ್ಷ್ಮ ಸಾಧನ. ಆದರೆ ಯಂತ್ರದ ಅಬ್ಬರದೊಳಗೆ ಮುಕ್ಕಾಲು ಗಂಟೆ, ಒಂದು ಗಂಟೆ ಮಿಸುಕದೆ ಮಲಗೆಂದರೆ ನಾಯಿ ಕೇಳೀತೆ? ಹಾಗಾಗಿ ಪೂರ್ಣ ಅರಿವಳಿಕೆ ಅನಿವಾರ್ಯ, ಪರೀಕ್ಷೆಯ ಮುಖ್ಯ ಅಪಾಯವೂ ಅಲ್ಲಿಯದೇ. ಸ್ಕ್ಯಾನ್‌ಗೆ ಹೋಗಬೇಕಾದ ಬೆಂಗಳೂರು ಬೇಲೂರಿನಿಂದ ಇನ್ನೂರು ಕಿಲೋಮೀಟರ್‌ಗೂ ಹೆಚ್ಚು ದೂರ. ಅಲ್ಲಿಗೆ ಹೊರಡುವ ಮುನ್ನ ಊರಿನ ಪಶು ಆಸ್ಪತ್ರೆಯಲ್ಲಿ ಆಗುವ ಸಿದ್ಧತೆಯೇ ಈ ಅಪಾಯವನ್ನು ಬಹುಪಾಲು ತಗ್ಗಿಸುತ್ತದೆ ಎಂಬುದು ಈ ಲೇಖನದ ವಾದ.

ಮೊದಲ ಪ್ರಶ್ನೆ, ಸ್ಕ್ಯಾನ್ ಬೇಕೇ ಎಂಬುದು. ಮೂರ್ಛೆರೋಗದ ಬಗ್ಗೆ ಅಂತಾರಾಷ್ಟ್ರೀಯ ಪಶುವೈದ್ಯ ಕಾರ್ಯಪಡೆ 2015ರಲ್ಲಿ ಕೊಟ್ಟ ಸಲಹೆ ಸ್ಪಷ್ಟ: ಮೊದಲ ಸೆಳವು ಆರು ತಿಂಗಳಿಗೆ ಮೊದಲು ಅಥವಾ ಆರು ವರ್ಷ ದಾಟಿದ ಮೇಲೆ ಬಂದರೆ, ಸೆಳವುಗಳ ನಡುವೆಯೂ ನರದೋಷ ಉಳಿದರೆ, ಎಂಆರ್‌ಐ ಪರಿಗಣಿಸಬೇಕು. ಲಸಿಕೆಯ ದಾಖಲೆಯಿಲ್ಲದ ನಾಯಿಯಲ್ಲಿ ನರಲಕ್ಷಣ ಕಂಡರೆ ರೇಬೀಸ್ ಶಂಕೆಯೇ ಮೊದಲು. ಅಂಥ ನಾಯಿಯನ್ನು ಕಾರಿಗೆ ಹತ್ತಿಸಿಕೊಳ್ಳುವುದು ಮನೆಯವರ ಪ್ರಾಣಕ್ಕೇ ಕುತ್ತು.

ಈ ಭಾಗಕ್ಕೆ ವಿಶೇಷವಾಗಿ ಸಲ್ಲುವ ಮಾತು ರಕ್ತಪರೀಕ್ಷೆಯದು. ತೆಂಗಿನ ತೋಟ, ದನದ ಕೊಟ್ಟಿಗೆಗಳ ನಡುವೆ ಬೆಳೆಯುವ ನಾಯಿಗೆ ಉಣ್ಣೆ ಹತ್ತುವುದು ಸಾಮಾನ್ಯ. ಉಣ್ಣೆಗಳು ಹರಡುವ ಎರ್ಲಿಕಿಯಾ ಸೋಂಕಿನಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತದೆ, ಬೆಬೀಸಿಯಾದಲ್ಲಿ ಕೆಂಪು ರಕ್ತಕಣಗಳು ಒಡೆಯುತ್ತವೆ. ಹಿಮೋಗ್ಲೋಬಿನ್ ತಗ್ಗಿದ ನಾಯಿ ಅರಿವಳಿಕೆಯಲ್ಲಿ ಅಂಗಾಂಗಗಳಿಗೆ ಆಮ್ಲಜನಕ ಮುಟ್ಟಿಸಲು ಹೆಣಗುತ್ತದೆ. ಇನ್ನು ಪ್ಲೇಟ್‌ಲೆಟ್‌ನ ಪ್ರಶ್ನೆ: ಮಿದುಳಿನ ಉರಿಯೂತದ ಶಂಕೆಯಿದ್ದರೆ ಸ್ಕ್ಯಾನ್ ಮುಗಿದೊಡನೆ, ಅದೇ ಅರಿವಳಿಕೆಯಲ್ಲಿ, ಮಿದುಳು-ಬೆನ್ನುಹುರಿಯ ದ್ರವವನ್ನು ಸೂಜಿಯಿಂದ ತೆಗೆಯುವುದುಂಟು. ಪ್ಲೇಟ್‌ಲೆಟ್ ಕಡಿಮೆಯಿದ್ದರೆ ಅಲ್ಲಿ ರಕ್ತಸ್ರಾವವಾದೀತು. ಮೂತ್ರಪಿಂಡ, ಯಕೃತ್ತು ಹೇಗಿವೆ ಎಂಬುದನ್ನೂ ಇದೇ ರಕ್ತದಲ್ಲಿ ನೋಡಿಸಬೇಕು. ಸ್ಕ್ಯಾನ್ ಚಿತ್ರ ಸ್ಪಷ್ಟವಾಗಲೆಂದು ಕೊಡುವ ಗ್ಯಾಡೋಲಿನಿಯಂ ಚುಚ್ಚುಮದ್ದು ಹೊರಹೋಗುವುದು ಮೂತ್ರಪಿಂಡದ ಮೂಲಕವೇ.

ಉಪವಾಸದಲ್ಲಿ ಅತಿ ಮಾಡುವವರೇ ಹೆಚ್ಚು. ಆರೋಗ್ಯವಂತ ವಯಸ್ಕ ನಾಯಿಗೆ ಅರಿವಳಿಕೆಗೆ ಮುನ್ನ ನಾಲ್ಕರಿಂದ ಆರು ಗಂಟೆ ಆಹಾರ ನಿಲ್ಲಿಸಿದರೆ ಸಾಕೆಂಬುದು ಇತ್ತೀಚಿನ ಅಭಿಪ್ರಾಯ. ನೀರು ತಡೆಯಬಾರದು. ಎಣಿಕೆ ಸ್ಕ್ಯಾನ್ ವೇಳೆಯಿಂದ ಹಿಂದಕ್ಕೆ ನಡೆಯಬೇಕು, ಮನೆ ಬಿಟ್ಟ ಹೊತ್ತಿನಿಂದಲ್ಲ. ಪುಟ್ಟ ಮರಿಗೆ ಸಕ್ಕರೆಯಂಶ ಬೇಗ ಇಳಿಯುವುದರಿಂದ ಒಂದೆರಡು ಗಂಟೆಯ ಉಪವಾಸವೇ ಮಿತಿ. ಮೂರ್ಛೆಗೆ ಕೊಡುವ ಫಿನೋಬಾರ್ಬಿಟೋನ್ ಮಾತ್ರೆಯನ್ನು ಅಂದು ಬೆಳಿಗ್ಗೆ ತಪ್ಪಿಸುವುದು ದೊಡ್ಡ ತಪ್ಪು.

ಕೊರಳಪಟ್ಟಿ, ಗೆಜ್ಜೆಗಳನ್ನು ಬಿಚ್ಚುವುದು ಎಲ್ಲರಿಗೂ ಗೊತ್ತು, ಚರ್ಮದೊಳಗಿನ ಲೋಹ ಮಾತ್ರ ಕಣ್ಣಿಗೆ ಬೀಳದು. ಏರ್‌ಗನ್ ಗುಂಡು ತಗುಲಿದ್ದ ಅಥವಾ ಮೂಳೆಗೆ ತಟ್ಟೆ ಕೂರಿಸಿದ ನಾಯಿಗೆ ಮೊದಲು ಎಕ್ಸ್‌ರೇ ಆಗಲಿ. ಮೈಕ್ರೋಚಿಪ್‌ನಿಂದ ಅಪಾಯವಿಲ್ಲ, ಅದರ ಸುತ್ತಲಿನ ಚಿತ್ರ ಮಾತ್ರ ಕೆಡುತ್ತದೆ.

ತಳಿಯೂ ಲೆಕ್ಕಕ್ಕೆ ಬರುತ್ತದೆ. ಗ್ರೇಹೌಂಡ್‌ಗಳು ಥಯೋಪೆಂಟೋನ್ ಎಂಬ ಅರಿವಳಿಕೆ ಮದ್ದಿನಿಂದ ತಡವಾಗಿ ಎಚ್ಚರಗೊಳ್ಳುತ್ತವೆ; ಅದೇ ಬಗೆಯ ತೆಳು ಮೈಯ ಮುಧೋಳ ನಾಯಿಯಲ್ಲೂ ಆ ಎಚ್ಚರಿಕೆ ಒಳ್ಳೆಯದು. ಪಗ್‌ನ ಉಸಿರುನಾಳ ಇಕ್ಕಟ್ಟು, ಆದ್ದರಿಂದ ಅರಿವಳಿಕೆಯಲ್ಲಿ ಹಾಕಿದ ಉಸಿರಾಟದ ಕೊಳವೆಯನ್ನು ಅದು ಚೆನ್ನಾಗಿ ಎಚ್ಚೆತ್ತ ಮೇಲೆಯೇ ತೆಗೆಯಬೇಕು.

ಹಿಂಗಾಲು ಸ್ವಾಧೀನ ತಪ್ಪಿ ನೋವಿನ ಅರಿವೂ ಹೋದ ನಾಯಿಗೆ ಈ ಸಿದ್ಧತೆಗಳ ನಿಧಾನ ಸಲ್ಲದು, ಅದನ್ನು ತಕ್ಷಣ ಸಾಗಿಸಬೇಕು. ಉಳಿದವುಗಳ ವಿಷಯದಲ್ಲಿ, ರಕ್ತದ ವರದಿ, ಲಸಿಕೆ ದಾಖಲೆ, ಕೊಡುತ್ತಿರುವ ಔಷಧಿಗಳ ಪಟ್ಟಿ ಇರುವ ಪತ್ರವಿಲ್ಲದೆ ಯಾವ ನಾಯಿಯನ್ನೂ ಸ್ಕ್ಯಾನ್‌ಗೆ ಕಳಿಸಬೇಡಿ ಎಂದು ಈ ಭಾಗದ ಪಶುವೈದ್ಯ ಮಿತ್ರರಲ್ಲಿ ವಿನಂತಿ.