ಸಿಮೇಕ್ ಸಂರಚನೆಯ ಸಾಮಾನ್ಯ ದೋಷಗಳು

ಸಿಮೇಕ್ ಎಂಬುದು ಒಂದೇ ಆಕರ ಸಂಕೇತದಿಂದ ವಿಂಡೋಸ್, ಲಿನಕ್ಸ್, ಮ್ಯಾಕ್‌ಓಎಸ್ ಮುಂತಾದ ಭಿನ್ನ ಕಾರ್ಯಾಚರಣಾ ವ್ಯವಸ್ಥೆಗಳಿಗೆ ತಂತ್ರಾಂಶವನ್ನು ಕಟ್ಟಲು ನೆರವಾಗುವ ಮುಕ್ತ ಆಕರದ ಸಾಧನವಾಗಿದೆ. ತಂತ್ರಾಂಶವನ್ನು ಕಟ್ಟುವ ಮುನ್ನ ಕಂಪ್ಯೂಟರಿನಲ್ಲಿ ಯಾವ ಕಂಪೈಲರ್ ಇದೆ, ಯಾವ ಲೈಬ್ರರಿಗಳು ಎಲ್ಲಿವೆ ಎಂಬುದನ್ನು ಸಿಮೇಕ್ ಪರಿಶೀಲಿಸುವ ಹಂತಕ್ಕೆ ಸಂರಚನೆ ಎಂದು ಹೆಸರು. ಈ ಹಂತದಲ್ಲಿ ಕಾಣಿಸಿಕೊಳ್ಳುವ ದೋಷಗಳಲ್ಲಿ ಹೆಚ್ಚಿನವು ಮೂಲ ಪ್ರೋಗ್ರಾಮಿನ ತಪ್ಪುಗಳಲ್ಲ. ಯೋಜನೆಯ ವಿವರಣೆಗೂ ಕಂಪ್ಯೂಟರಿನ ವಾಸ್ತವ ಸ್ಥಿತಿಗೂ ಹೊಂದಾಣಿಕೆ ಇಲ್ಲದಿರುವುದೇ ಅವುಗಳಿಗೆ ಕಾರಣ. ಆದುದರಿಂದ ಹೊಸಬರು ತಮ್ಮ ಬರವಣಿಗೆಯಲ್ಲಿ ತಪ್ಪನ್ನು ಹುಡುಕುವ ಮೊದಲು ಈ ಹೊಂದಾಣಿಕೆಯನ್ನು ಪರೀಕ್ಷಿಸುವುದು ಉಚಿತ.

ಹಿನ್ನೆಲೆ

ಸಿಮೇಕ್ ಅನ್ನು ಅಮೆರಿಕದ ಕಿಟ್‌ವೇರ್ ಸಂಸ್ಥೆಯು 1999–2000ರ ಅವಧಿಯಲ್ಲಿ ರೂಪಿಸಿತು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ನೆರವಿನಿಂದ ಸಿದ್ಧವಾಗುತ್ತಿದ್ದ ವೈದ್ಯಕೀಯ ಚಿತ್ರ ಸಂಸ್ಕರಣೆಯ ತಂತ್ರಾಂಶವೊಂದನ್ನು ಹಲವು ಬಗೆಯ ಕಂಪ್ಯೂಟರುಗಳಲ್ಲಿ ಕಟ್ಟಬೇಕಾದ ಅಗತ್ಯ ಇದಕ್ಕೆ ಪ್ರೇರಣೆಯಾಯಿತು. 2008ರ ಜನವರಿಯಲ್ಲಿ ಬಿಡುಗಡೆಯಾದ ಕೆಡಿಇ 4 ಗಣಕತೆರೆಯು ಸಿಮೇಕ್ ಅನ್ನು ಬಳಸಿದ ಮೇಲೆ ಅದರ ಪ್ರಸಾರ ಹೆಚ್ಚಿತು. 2014ರಲ್ಲಿ ಮೂರನೆಯ, 2025ರಲ್ಲಿ ನಾಲ್ಕನೆಯ ಮುಖ್ಯ ಆವೃತ್ತಿ ಹೊರಬಂದಿತು.

ಕನ್ನಡದ ಬಳಕೆದಾರರಿಗೂ ಇದರೊಂದಿಗೆ ನೇರ ಸಂಬಂಧವಿದೆ. ಮುದ್ರಿತ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಟೆಸರಾಕ್ಟ್ ತಂತ್ರಾಂಶವು ಕನ್ನಡವನ್ನೂ ಓದಬಲ್ಲದು. 1985ರಿಂದ 1994ರವರೆಗೆ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಬೆಳೆದ ಈ ತಂತ್ರಾಂಶವು 2005ರಲ್ಲಿ ಮುಕ್ತ ಆಕರವಾಯಿತು. ಇದನ್ನು ಸಿಮೇಕ್ ಮೂಲಕ ಕಟ್ಟಬಹುದು. ಹಳೆಯ ಕನ್ನಡ ಪುಸ್ತಕಗಳನ್ನು ಪಠ್ಯರೂಪಕ್ಕೆ ತರಲು ಟೆಸರಾಕ್ಟ್ ಅನ್ನು ತಿದ್ದಿ ಸುಧಾರಿಸಬಯಸುವ ವಿದ್ಯಾರ್ಥಿಯು ಮೊದಲು ದಾಟಬೇಕಾದ ಹೊಸ್ತಿಲು ಸಂರಚನೆಯೇ ಆಗಿದೆ. ಅಲ್ಲಿ ಎಡವಿದವರು ಕೈಬಿಟ್ಟರೆ ಮುಂದಿನ ಕೆಲಸ ಆರಂಭವಾಗುವುದೇ ಇಲ್ಲ.

ಕಾರ್ಯವಿಧಾನ

ಸಿಮೇಕ್ ತಾನೇ ತಂತ್ರಾಂಶವನ್ನು ಕಟ್ಟುವುದಿಲ್ಲ. ಅದು ಮನೆಯ ನಕ್ಷೆಯನ್ನು ಸ್ಥಳಕ್ಕೆ ತಕ್ಕಂತೆ ಬರೆದುಕೊಡುವ ಅಭಿಯಂತರನಂತೆ; ಕಟ್ಟುವ ಕೆಲಸಗಾರರು ಬೇರೆ. ಇಡೀ ಕಾರ್ಯವು ಮೂರು ಹಂತಗಳಲ್ಲಿ ನಡೆಯುತ್ತದೆ.

1. ಸಂರಚನೆ: ಸಿಮೇಕ್‌ಲಿಸ್ಟ್ಸ್ ಎಂಬ ಪಠ್ಯ ಕಡತವನ್ನು ಓದಿ, ಕಂಪೈಲರನ್ನೂ ಲೈಬ್ರರಿಗಳನ್ನೂ ಹುಡುಕಿ, ದೊರೆತ ವಿವರಗಳನ್ನು ಸಿಮೇಕ್‌ಕ್ಯಾಶ್ ಎಂಬ ಕಡತದಲ್ಲಿ ನೆನಪಿಗಾಗಿ ಬರೆದಿಡುವುದು.
2. ಉತ್ಪಾದನೆ: ಮೇಕ್, ನಿಂಜಾ, ವಿಶುವಲ್ ಸ್ಟುಡಿಯೋ, ಎಕ್ಸ್‌ಕೋಡ್ ಮೊದಲಾದವುಗಳಲ್ಲಿ ಆರಿಸಿದ ಸಾಧನಕ್ಕೆ ಬೇಕಾದ ಸೂಚನಾ ಕಡತಗಳನ್ನು ಸಿದ್ಧಪಡಿಸುವುದು.
3. ನಿರ್ಮಾಣ: ಆ ಸಾಧನವು ಕಂಪೈಲರನ್ನು ಕರೆದು ತಂತ್ರಾಂಶವನ್ನು ಕಟ್ಟುವುದು.

ದೋಷವು ಯಾವ ಹಂತದಲ್ಲಿ ಉಂಟಾಯಿತೆಂದು ತಿಳಿದರೆ ಪರಿಹಾರದ ಅರ್ಧ ದಾರಿ ಕ್ರಮಿಸಿದಂತೆ.

ಸಾಮಾನ್ಯ ದೋಷಗಳು ಮತ್ತು ಪರಿಹಾರಗಳು

ಕಂಪೈಲರ್ ಕಾಣದಿರುವುದು

ಸಿ ಪ್ಲಸ್ ಪ್ಲಸ್ ಕಂಪೈಲರ್ ಗೊತ್ತುಪಡಿಸಿಲ್ಲವೆಂಬ ಸಂದೇಶ ಬಂದರೆ, ಕಂಪ್ಯೂಟರಿನಲ್ಲಿ ಕಂಪೈಲರ್ ಇಲ್ಲ ಅಥವಾ ಇರುವ ಕಂಪೈಲರಿನ ದಾರಿ ಸಿಮೇಕ್‌ಗೆ ತಿಳಿದಿಲ್ಲ ಎಂದರ್ಥ. ಉಬುಂಟು ಮತ್ತು ಡೆಬಿಯನ್‌ಗಳಲ್ಲಿ ಬಿಲ್ಡ್-ಎಸೆನ್ಷಿಯಲ್ ಎಂಬ ಪೊಟ್ಟಣವನ್ನು ಸ್ಥಾಪಿಸಿದರೆ ಸಾಕಾಗುತ್ತದೆ. ವಿಂಡೋಸ್‌ನಲ್ಲಿ ವಿಶುವಲ್ ಸ್ಟುಡಿಯೋ ಸ್ಥಾಪಿಸುವಾಗ ಸಿ ಪ್ಲಸ್ ಪ್ಲಸ್ ವಿಭಾಗವನ್ನು ಗುರುತು ಹಾಕಿ ಆಯ್ದುಕೊಳ್ಳಬೇಕು. ಸಂಪಾದಕ ಮಾತ್ರವಾಗಿರುವ ವಿಶುವಲ್ ಸ್ಟುಡಿಯೋ ಕೋಡ್ ಅನ್ನು ಸ್ಥಾಪಿಸಿದರೆ ಅದರೊಂದಿಗೆ ಕಂಪೈಲರ್ ಬರುವುದಿಲ್ಲ.

ಲೈಬ್ರರಿ ದೊರೆಯದಿರುವುದು

ಪೊಟ್ಟಣದ ಸಂರಚನಾ ಕಡತ ದೊರೆಯಲಿಲ್ಲ ಎಂಬುದು ಬಹುಶಃ ಅತಿ ಹೆಚ್ಚು ಕಾಣುವ ದೋಷ. ಟೆಸರಾಕ್ಟ್‌ಗೆ ಚಿತ್ರಗಳನ್ನು ಸಂಸ್ಕರಿಸುವ ಲೆಪ್ಟೋನಿಕಾ ಲೈಬ್ರರಿ ಅತ್ಯಗತ್ಯ. ಹೊಸ ಅಕ್ಷರರೂಪಗಳ ತರಬೇತಿಗೆ ಬೇಕಾದ ಉಪಕರಣಗಳಿಗೆ ಐಸಿಯು, ಪ್ಯಾಂಗೋ ಮುಂತಾದವು ಬೇಕು. ಲಿನಕ್ಸ್‌ನಲ್ಲಿ ಲೈಬ್ರರಿಯನ್ನು ಸ್ಥಾಪಿಸಿದ್ದರೂ ಈ ದೋಷ ಬರುವುದುಂಟು. ಬಳಸಲು ಬೇಕಾದ ಪೊಟ್ಟಣ ಒಂದು, ಕಟ್ಟಲು ಬೇಕಾದ ಪೊಟ್ಟಣ ಇನ್ನೊಂದು. ಡೆಬಿಯನ್ ಕುಟುಂಬದಲ್ಲಿ ಎರಡನೆಯದರ ಹೆಸರು ‘ಡೆವ್’ ಎಂದು ಕೊನೆಗೊಳ್ಳುತ್ತದೆ. ಲೈಬ್ರರಿ ಬೇರೆ ಸ್ಥಳದಲ್ಲಿದ್ದರೆ ಸಿಮೇಕ್ ಪ್ರಿಫಿಕ್ಸ್ ಪಾತ್ ಎಂಬ ಚರಾಂಶದಲ್ಲಿ ಆ ಸ್ಥಳವನ್ನು ತಿಳಿಸಬೇಕು. ತರಬೇತಿಯ ಉಪಕರಣಗಳು ಬೇಡವಾದವರು ಅವುಗಳ ಆಯ್ಕೆಯನ್ನು ರದ್ದುಪಡಿಸಿದರೆ ಅವಲಂಬನೆಗಳ ಪಟ್ಟಿಯೇ ಕಿರಿದಾಗುತ್ತದೆ. ಕಂಪೈಲರ್ 64 ಬಿಟ್, ಲೈಬ್ರರಿ 32 ಬಿಟ್ ಆಗಿದ್ದರೂ ಸಿಮೇಕ್ ಆ ಲೈಬ್ರರಿಯನ್ನು ನಿರಾಕರಿಸಬಹುದು.

ಹಳೆಯ ನೆನಪಿನ ಕಡತ

ಕಾಲೇಜಿನ ಪ್ರಯೋಗಾಲಯದಲ್ಲಿ ಆರಂಭಿಸಿದ ಯೋಜನೆಯನ್ನು ಪೆನ್ ಡ್ರೈವ್‌ನಲ್ಲಿ ಮನೆಗೆ ಒಯ್ದಾಗ ಈ ದೋಷ ಎದುರಾಗುತ್ತದೆ. ಸಿಮೇಕ್‌ಕ್ಯಾಶ್ ಕಡತದಲ್ಲಿ ಹಿಂದಿನ ಕಂಪ್ಯೂಟರಿನ ವಿಳಾಸಗಳು ಪೂರ್ಣವಾಗಿ ದಾಖಲಾಗಿರುತ್ತವೆ. ಹೊಸ ಸ್ಥಳದಲ್ಲಿ ಅವು ಹೊಂದದೆ, ನೆನಪಿನ ಕಡತ ಹುಟ್ಟಿದ ಸ್ಥಳವೇ ಬೇರೆ ಎಂದು ಸಿಮೇಕ್ ನಿಲ್ಲುತ್ತದೆ. ಸಂರಚನೆಯ ಫಲಿತಾಂಶವು ಆಯಾ ಕಂಪ್ಯೂಟರಿಗೆ ಮಾತ್ರ ಸೇರಿದ್ದು; ಒಯ್ಯಬೇಕಾದದ್ದು ಆಕರ ಸಂಕೇತ ಮಾತ್ರ. ಇದಕ್ಕಾಗಿ ಆಕರದಿಂದ ಪ್ರತ್ಯೇಕವಾದ ‘ಬಿಲ್ಡ್’ ಎಂಬ ಕಡತಕೋಶದಲ್ಲಿ ನಿರ್ಮಾಣ ನಡೆಸುವುದು ಉತ್ತಮ ಪದ್ಧತಿ. ದೋಷ ಬಂದಾಗ ಆ ಕಡತಕೋಶವನ್ನು ಅಳಿಸಿ ಮತ್ತೆ ಸಂರಚಿಸಿದರೆ ಆಕರಕ್ಕೆ ಹಾನಿಯಿಲ್ಲ. 3.24ನೆಯ ಆವೃತ್ತಿಯಿಂದ ಇದೇ ಕೆಲಸಕ್ಕೆ ‘ಫ್ರೆಶ್’ ಎಂಬ ಆಯ್ಕೆಯೂ ಇದೆ.

ಉತ್ಪಾದಕ ಬದಲಾದಾಗ

ಮೊದಲು ಮೇಕ್‌ಗಾಗಿ ಸಂರಚಿಸಿದ ಕಡತಕೋಶದಲ್ಲೇ ಅನಂತರ ನಿಂಜಾ ಆರಿಸಿದರೆ ಸಿಮೇಕ್ ಒಪ್ಪುವುದಿಲ್ಲ. ಇಲ್ಲಿಯೂ ಹೊಸ ಕಡತಕೋಶವೇ ಪರಿಹಾರ. ಇನ್ನೊಂದು ಭೇದವೂ ಗಮನಾರ್ಹ. ಮೇಕ್ ಮತ್ತು ನಿಂಜಾಗಳಲ್ಲಿ ತಂತ್ರಾಂಶವು ಡೀಬಗ್ ರೂಪದ್ದೋ ರಿಲೀಸ್ ರೂಪದ್ದೋ ಎಂಬುದನ್ನು ಸಂರಚನೆಯ ವೇಳೆ ಹೇಳಬೇಕು. ವಿಶುವಲ್ ಸ್ಟುಡಿಯೋ ಮತ್ತು ಎಕ್ಸ್‌ಕೋಡ್‌ಗಳಲ್ಲಿ ನಿರ್ಮಾಣದ ವೇಳೆ ಹೇಳಬೇಕು. ತಪ್ಪು ಹಂತದಲ್ಲಿ ಹೇಳಿದ ಮಾತು ಪರಿಣಾಮ ಬೀರುವುದಿಲ್ಲ.

ಆವೃತ್ತಿಯ ಅಂತರ

ಯೋಜನೆ ಬೇಡುವ ಸಿಮೇಕ್‌ಗಿಂತ ಹಳೆಯದು ಕಂಪ್ಯೂಟರಿನಲ್ಲಿದ್ದರೆ ಸಂರಚನೆ ಆರಂಭದಲ್ಲೇ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾದ ತೊಡಕು ನಾಲ್ಕನೆಯ ಆವೃತ್ತಿಯೊಂದಿಗೆ ಬಂದಿತು. 3.5ಕ್ಕಿಂತ ಹಿಂದಿನ ಆವೃತ್ತಿಗಳೊಂದಿಗಿನ ಹೊಂದಾಣಿಕೆಯನ್ನು ಅದು ಕೈಬಿಟ್ಟಿತು. ಹಾಗಾಗಿ ಬಹುಕಾಲ ಯಾರೂ ಮುಟ್ಟದ ಯೋಜನೆಗಳು ಹೊಸ ಕಂಪ್ಯೂಟರಿನಲ್ಲಿ ಸಂರಚನೆಗೊಳ್ಳುವುದಿಲ್ಲ. ಸಿಮೇಕ್‌ಲಿಸ್ಟ್ಸ್ ಕಡತದ ಮೊದಲಲ್ಲಿರುವ ಕನಿಷ್ಠ ಆವೃತ್ತಿಯ ಸಾಲನ್ನು ತಿದ್ದುವುದು ಸರಿಯಾದ ಪರಿಹಾರ. ತಾತ್ಕಾಲಿಕವಾಗಿ ಸಿಮೇಕ್ ಪಾಲಿಸಿ ವರ್ಷನ್ ಮಿನಿಮಮ್ ಎಂಬ ಚರಾಂಶಕ್ಕೆ 3.5 ಎಂಬ ಬೆಲೆ ಕೊಟ್ಟು ಮುಂದುವರಿಯಬಹುದು.

ಅಂತರ್ಜಾಲ ಮತ್ತು ಗಡಿಯಾರ

ಕೆಲವು ಯೋಜನೆಗಳು ಸಂರಚನೆಯ ನಡುವೆಯೇ ಅಂತರ್ಜಾಲದಿಂದ ಬೇರೆ ಆಕರಗಳನ್ನು ಇಳಿಸಿಕೊಳ್ಳುತ್ತವೆ. ಸಂಪರ್ಕ ಕಡಿದರೆ ದೋಷವು ಯೋಜನೆಯದೆಂಬಂತೆ ತೋರುತ್ತದೆ. ಒಮ್ಮೆ ಇಳಿಸಿಕೊಂಡ ಆಕರವನ್ನು ಉಳಿಸಿಟ್ಟು, ಅಂತರ್ಜಾಲವನ್ನು ಸಂಪರ್ಕಿಸದಂತೆ ಸಿಮೇಕ್‌ಗೆ ಸೂಚಿಸಲು ಅವಕಾಶವಿದೆ.

ಹಳೆಯ ಕಂಪ್ಯೂಟರುಗಳಲ್ಲಿ ಒಳಗಿನ ಬ್ಯಾಟರಿ ಬರಿದಾದಾಗ ದಿನಾಂಕ ಹಿಂದಕ್ಕೆ ಹೋಗುತ್ತದೆ. ಯಾವ ಕಡತ ಹೊಸದು, ಯಾವುದು ಹಳೆಯದು ಎಂಬುದನ್ನು ಮೇಕ್ ದಿನಾಂಕ ಮತ್ತು ಸಮಯದಿಂದಲೇ ನಿರ್ಧರಿಸುವುದರಿಂದ, ಭವಿಷ್ಯದ ಸಮಯವುಳ್ಳ ಕಡತಗಳನ್ನು ಕಂಡು ಎಚ್ಚರಿಕೆ ನೀಡುತ್ತದೆ. ಅನಗತ್ಯವಾಗಿ ಮತ್ತೆ ಕಟ್ಟುವುದೂ ಉಂಟು. ಗಡಿಯಾರವನ್ನು ಸರಿಪಡಿಸುವುದೇ ಇದಕ್ಕೆ ಮದ್ದು.

ಕನ್ನಡ ಹೆಸರಿನ ಕಡತಕೋಶಗಳು

ಕಡತಕೋಶಗಳಿಗೆ ಕನ್ನಡದಲ್ಲಿ ಹೆಸರಿಡುವುದು ಇಂದು ಸಾಧ್ಯವಿದ್ದರೂ, ಹಲವು ವ್ಯವಸ್ಥೆಗಳಲ್ಲಿ ನಡೆಯಬೇಕಾದ ಯೋಜನೆಯಲ್ಲಿ ಅದು ಸೂಕ್ಷ್ಮ ದೋಷಗಳಿಗೆ ಎಡೆಮಾಡುತ್ತದೆ. ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರುಗಳನ್ನು ಉದಾಹರಣೆಯಾಗಿ ನೋಡಬಹುದು. ಊರುಗಳ ಮಾಹಿತಿ ನೀಡುವ ತಂತ್ರಾಂಶವೊಂದರಲ್ಲಿ ತಾಲ್ಲೂಕಿಗೆ ಒಂದರಂತೆ ಕಡತಕೋಶಗಳಿವೆ ಎಂದು ಭಾವಿಸೋಣ.

- ಹುಣಸೂರು: ಕಣ್ಣಿಗೆ ನಾಲ್ಕು ಅಕ್ಷರಗಳಾದರೂ ಯುನಿಕೋಡ್‌ನಲ್ಲಿ ಇದು ಏಳು ಸಂಕೇತಗಳು. ಯುಟಿಎಫ್-8 ವಿಧಾನದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ ಒಟ್ಟು 21 ಬೈಟ್ ಆಗುತ್ತದೆ. ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಗಳಲ್ಲಿ ಒಂದು ಹೆಸರಿನ ಮಿತಿ 255 ಬೈಟ್. ಅಂದರೆ 85 ಕನ್ನಡ ಸಂಕೇತಗಳು ಮಾತ್ರ.
- ಪಿರಿಯಾಪಟ್ಟಣ: ಇದರ ಸಂಕೇತಗಳು ಎಲ್ಲ ವ್ಯವಸ್ಥೆಗಳಲ್ಲೂ ಒಂದೇ ಆಗಿ ಉಳಿಯುತ್ತವೆ. ಆದರೆ ಹಿಂದೆ ‘ಪೆರಿಯಾಪಟ್ಟಣ’ ಎಂದೂ ಬರೆಯುತ್ತಿದ್ದುದರಿಂದ ಕಡತಕೋಶದಲ್ಲಿ ಒಂದು ರೂಪ, ಸಿಮೇಕ್‌ಲಿಸ್ಟ್ಸ್‌ನಲ್ಲಿ ಇನ್ನೊಂದು ರೂಪ ಬಂದರೆ ಸಂರಚನೆ ನಿಲ್ಲುತ್ತದೆ.
- ಕೆ.ಆರ್. ನಗರ: ನಡುವೆ ಖಾಲಿ ಜಾಗವಿರುವುದರಿಂದ, ಉದ್ಧರಣ ಚಿಹ್ನೆಯಿಲ್ಲದೆ ಆದೇಶದ ಸಾಲಿನಲ್ಲಿ ಬರೆದರೆ ‘ಕೆ.ಆರ್.’ ಮತ್ತು ‘ನಗರ’ ಎಂಬ ಎರಡು ಬೇರೆ ಹೆಸರುಗಳಾಗಿ ಒಡೆಯುತ್ತದೆ.
- ಹೆಗ್ಗಡದೇವನಕೋಟೆ: ಇದು ಅತ್ಯಂತ ಸೂಕ್ಷ್ಮ ಪ್ರಕರಣ. ‘ದೇ’ ಮತ್ತು ‘ಕೋ’ಗಳಲ್ಲಿರುವ ದೀರ್ಘ ಸ್ವರಚಿಹ್ನೆಗಳನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಬಿಡಿಸಿದ ಸಂಕೇತಗಳಾಗಿಯೂ ಬರೆಯಬಹುದು. ಕೂಡಿದ ರೂಪದಲ್ಲಿ ಈ ಹೆಸರು 14 ಸಂಕೇತ, 42 ಬೈಟ್. ಬಿಡಿಸಿದ ರೂಪದಲ್ಲಿ 17 ಸಂಕೇತ, 51 ಬೈಟ್. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆಯು ಹೆಸರನ್ನು ತಾನಾಗಿ ಬಿಡಿಸಿ ದಾಖಲಿಸುತ್ತಿತ್ತು. ಅಂತಹ ಕಡತಕೋಶವನ್ನು ಲಿನಕ್ಸ್‌ಗೆ ತಂದಾಗ, ತೆರೆಯ ಮೇಲೆ ಹೆಸರು ಒಂದೇ ಆಗಿ ಕಂಡರೂ, ಅಂತಹ ಕಡತಕೋಶವೇ ಇಲ್ಲ ಎಂದು ಸಿಮೇಕ್ ಹೇಳುತ್ತದೆ.

ರೋಮನ್ ಲಿಪಿಯಲ್ಲಿಯೂ ಇಂತಹ ಒಂದು ಭೇದವಿದೆ. ಲಿನಕ್ಸ್ ದೊಡ್ಡಕ್ಷರ ಮತ್ತು ಚಿಕ್ಕಕ್ಷರಗಳನ್ನು ಬೇರೆಯೆಂದು ಎಣಿಸುತ್ತದೆ. ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ. ವಿಂಡೋಸ್‌ನಲ್ಲಿ ನಡೆದ ಯೋಜನೆ ಲಿನಕ್ಸ್‌ನಲ್ಲಿ ನಿಲ್ಲಲು ಇದು ಸಾಮಾನ್ಯ ಕಾರಣ.

ಆದುದರಿಂದ ಕಡತ ಮತ್ತು ಕಡತಕೋಶಗಳ ಹೆಸರನ್ನು ಖಾಲಿ ಜಾಗವಿಲ್ಲದ ರೋಮನ್ ಚಿಕ್ಕಕ್ಷರಗಳಲ್ಲಿ ಇಟ್ಟು, ಕನ್ನಡವನ್ನು ಕಡತದ ಒಳಗಿನ ಪಠ್ಯವಾಗಿ ಯುಟಿಎಫ್-8ರಲ್ಲಿ ಉಳಿಸುವುದು ಸುರಕ್ಷಿತ ಕ್ರಮ. ಬಳಕೆದಾರನಿಗೆ ಕಾಣುವುದು ಒಳಗಿನ ಪಠ್ಯವೇ ಆದ್ದರಿಂದ ಕನ್ನಡಕ್ಕೆ ಇದರಿಂದ ಕೊರತೆಯಾಗುವುದಿಲ್ಲ. ಮೈಕ್ರೋಸಾಫ್ಟ್ ಕಂಪೈಲರ್ ಮಾತ್ರ ಆಕರದಲ್ಲಿರುವ ಕನ್ನಡ ಪಠ್ಯವನ್ನು ವಿಂಡೋಸ್‌ನ ಸ್ಥಳೀಯ ಸಂಕೇತ ವ್ಯವಸ್ಥೆಯದೆಂದು ತಪ್ಪಾಗಿ ಓದಬಹುದು. ಅದಕ್ಕೆ ಯುಟಿಎಫ್-8 ಆಯ್ಕೆಯನ್ನು ಸಿಮೇಕ್‌ಲಿಸ್ಟ್ಸ್‌ನಲ್ಲಿ ಆ ಕಂಪೈಲರಿಗೆ ಮಾತ್ರ ಅನ್ವಯಿಸುವಂತೆ ಸೇರಿಸಬೇಕು.

ದೋಷ ಸಂದೇಶವನ್ನು ಓದುವ ಕ್ರಮ

ತೆರೆಯ ಕೊನೆಯಲ್ಲಿ ಕಾಣುವ ‘ಸಂರಚನೆ ಅಪೂರ್ಣ, ದೋಷಗಳು ಉಂಟಾಗಿವೆ’ ಎಂಬರ್ಥದ ಸಾಲು ಕಾರಣವನ್ನು ತಿಳಿಸುವುದಿಲ್ಲ. ಮೇಲಕ್ಕೆ ಸರಿದು ಮೊದಲ ದೋಷವನ್ನು ಹುಡುಕಬೇಕು. ಉಳಿದವು ಬಹುಮಟ್ಟಿಗೆ ಅದರ ಪರಿಣಾಮಗಳು. ದೋಷದ ಜೊತೆಯಲ್ಲಿ ಕಡತದ ಹೆಸರು ಮತ್ತು ಸಾಲಿನ ಸಂಖ್ಯೆ ಇರುತ್ತದೆ. ಎಚ್ಚರಿಕೆಯ ಸಂದೇಶಗಳು ಸಂರಚನೆಯನ್ನು ತಡೆಯುವುದಿಲ್ಲವಾದ್ದರಿಂದ ಅವುಗಳನ್ನು ಮೊದಲಿಗೆ ಬದಿಗಿಡಬಹುದು. ಹೆಚ್ಚಿನ ವಿವರಗಳು ನಿರ್ಮಾಣದ ಕಡತಕೋಶದ ಒಳಗಿನ ದಾಖಲೆಯಲ್ಲಿ ದೊರೆಯುತ್ತವೆ, 3.26ನೆಯ ಆವೃತ್ತಿಯಿಂದ ಇದರ ಹೆಸರು ಸಿಮೇಕ್‌ಕಾನ್ಫಿಗರ್‌ಲಾಗ್. ಲೈಬ್ರರಿಯನ್ನು ಸಿಮೇಕ್ ಎಲ್ಲೆಲ್ಲಿ ಹುಡುಕಿತೆಂದು ತಿಳಿಯಲು 3.17ರಿಂದ ‘ಡೀಬಗ್ ಫೈಂಡ್’ ಆಯ್ಕೆಯಿದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ಸಂರಚಿಸುವುದು ಎಲ್ಲ ದೋಷಗಳಿಗೂ ಅನ್ವಯಿಸುವ ನಿಯಮ. ಹಲವನ್ನು ಒಟ್ಟಿಗೆ ಬದಲಿಸಿದರೆ ದೋಷ ನಿವಾರಣೆಯಾದರೂ ಕಾರಣ ತಿಳಿಯದೆ ಉಳಿಯುತ್ತದೆ, ಮತ್ತು ಮುಂದಿನ ಕಂಪ್ಯೂಟರಿನಲ್ಲಿ ಅದೇ ದೋಷ ಮರುಕಳಿಸುತ್ತದೆ.

ಇವನ್ನೂ ನೋಡಿ

- ಯುನಿಕೋಡ್
- ಟೆಸರಾಕ್ಟ್
- ಮುಕ್ತ ತಂತ್ರಾಂಶ
- ಕಂಪೈಲರ್