ಮಾರಾಟವಾಗದೆ ಉಳಿದ ಕಾರುಗಳು: ಹಳೆಯ ಬಿಡಿಭಾಗಗಳ ವ್ಯಾಪಾರದ ಕಥೆ



ಇತಿಹಾಸವೆಂದರೆ ಅರಸರ ವಂಶಾವಳಿ ಮತ್ತು ಯುದ್ಧಗಳ ತಾರೀಖುಗಳ ಪಟ್ಟಿಯಷ್ಟೇ ಅಲ್ಲವೆಂದು ನಾನು ತರಗತಿಯಲ್ಲಿ ಪದೇ ಪದೇ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮನುಷ್ಯನು ಕೈಯಲ್ಲಿ ಹಿಡಿದು ಬಳಸಿದ ಪ್ರತಿಯೊಂದು ವಸ್ತುವಿಗೂ ಒಂದು ಚರಿತ್ರೆಯಿದೆ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ಇಲ್ಲಿನವರು ತುಕ್ಕು ಹಿಡಿದ ಕಾರಿನ ಚಕ್ರದ ಮುಚ್ಚಳಕ್ಕೂ ಮುಚ್ಚಿಹೋದ ಅಂಗಡಿಯ ನಾಮಫಲಕಕ್ಕೂ ಸಾವಿರಾರು ಡಾಲರ್ ಕೊಡುತ್ತಾರೆ. ಇದೆಂಥ ಹುಚ್ಚು?" ಎಂದು ಕೇಳಿದ. ಮೇಲುನೋಟಕ್ಕೆ ಅದು ಹುಚ್ಚೇ ಸರಿ. ಆದರೆ ಅದರ ಹಿಂದೆ ನೂರು ವರ್ಷಗಳಿಗೂ ಮಿಕ್ಕಿದ ಕೈಗಾರಿಕೆಯ ಇತಿಹಾಸ ಅಡಗಿದೆ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮೂಲಭೂತ ಪ್ರಶ್ನೆ. ಹಳೆಯ ಕಾರಿನಿಂದ ಕಳಚಿದ ಒಂದು ಭಾಗ ಇನ್ನೊಂದು ಕಾರಿಗೆ ಏಕೆ ಹೊಂದಬೇಕು? ಇಂದು ನಮಗೆ ಇದು ಸಹಜವೆನಿಸುತ್ತದೆ. ಆದರೆ ಕಾರುಗಳ ಆರಂಭದ ಕಾಲದಲ್ಲಿ ಹಾಗಿರಲಿಲ್ಲ. ಕುಶಲಕರ್ಮಿಗಳು ಪ್ರತಿಯೊಂದು ಭಾಗವನ್ನೂ ಅರದಿಂದ ಉಜ್ಜಿ, ಆಯಾ ಕಾರಿಗೆ ತಕ್ಕಂತೆ ಕೂರಿಸುತ್ತಿದ್ದರು. ಒಂದರ ಭಾಗ ಇನ್ನೊಂದಕ್ಕೆ ಸರಿಹೊಂದುವುದು ಅದೃಷ್ಟದ ಮಾತಾಗಿತ್ತು.

ಈ ಸ್ಥಿತಿ ಬದಲಾಗುತ್ತಿದೆಯೆಂದು ಜಗತ್ತಿಗೆ ತೋರಿಸಿದ್ದು 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ನಡೆದ ಒಂದು ಪರೀಕ್ಷೆ. ಅಮೆರಿಕದ ಕ್ಯಾಡಿಲಾಕ್ ಕಂಪನಿಯ ಲಂಡನ್ ಪ್ರತಿನಿಧಿಯ ಬಳಿ ಇದ್ದ ಕಾರುಗಳಲ್ಲಿ ಮೂರನ್ನು ಅಲ್ಲಿನ ರಾಯಲ್ ಆಟೊಮೊಬೈಲ್ ಕ್ಲಬ್ ಆರಿಸಿಕೊಂಡಿತು. ಮೂರನ್ನೂ ಪೂರ್ತಿಯಾಗಿ ಬಿಚ್ಚಲಾಯಿತು. ಒಂದೊಂದರಲ್ಲಿಯೂ 721 ಭಾಗಗಳು. ಅವೆಲ್ಲವನ್ನೂ ಒಂದೇ ರಾಶಿಯಾಗಿ ಬೆರೆಸಿ, ಅದರಿಂದ 89 ಭಾಗಗಳನ್ನು ತೆಗೆದುಹಾಕಿ, ಅವುಗಳ ಬದಲಿಗೆ ಮಾರಾಟಗಾರನ ದಾಸ್ತಾನಿನಲ್ಲಿದ್ದ ಬಿಡಿಭಾಗಗಳನ್ನು ಸೇರಿಸಿದರು. ಆ ರಾಶಿಯಿಂದ ಕೇವಲ ಸ್ಪ್ಯಾನರ್ ಮತ್ತು ಸ್ಕ್ರೂ ಡ್ರೈವರುಗಳ ನೆರವಿನಿಂದ ಮತ್ತೆ ಮೂರು ಕಾರುಗಳನ್ನು ಜೋಡಿಸಲಾಯಿತು. ಮೂರೂ ಹೊರಟವು, 500 ಮೈಲಿಗಳ ಓಟವನ್ನು ಪೂರೈಸಿದವು. ಈ ಸಾಧನೆಗಾಗಿ ಕ್ಯಾಡಿಲಾಕ್ ಕಂಪನಿಗೆ ಡ್ಯೂವರ್ ಟ್ರೋಫಿ ದೊರೆಯಿತು. ಮಾರಾಟಗಾರನ ಕಪಾಟಿನಲ್ಲಿರುವ ಭಾಗವೂ ಕಾರಿನೊಳಗಿರುವ ಭಾಗವೂ ಒಂದೇ ಎಂಬುದು ಅಂದು ಸಿದ್ಧವಾಯಿತು. ಹಳೆಯ ಬಿಡಿಭಾಗಗಳ ಇಂದಿನ ಇಡೀ ವ್ಯಾಪಾರ ನಿಂತಿರುವುದು ಈ ಒಂದು ಸತ್ಯದ ಮೇಲೆ.

ಅದೇ 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಹೊರಬಂದಿತು. 1927ರವರೆಗೆ ಒಂದೂವರೆ ಕೋಟಿ ಕಾರುಗಳು ತಯಾರಾದವು. ಅಷ್ಟು ಕಾರುಗಳಿಗೆ ಭಾಗಗಳನ್ನು ಒದಗಿಸಲು ಊರೂರಿಗೆ ಡೀಲರುಗಳು ಬೇಕಾದರು. ಕಾರಿನ ವ್ಯಾಪಾರವೆಂದರೆ ಷೋರೂಮು ಮಾತ್ರವಲ್ಲ, ಅದರ ಹಿಂದೆ ನೂರಾರು ಗೂಡುಗಳಿರುವ ಒಂದು ಉಗ್ರಾಣವೂ ಹೌದು ಎಂಬ ವ್ಯವಸ್ಥೆ ಹೀಗೆ ಬೆಳೆಯಿತು.

ಇದಕ್ಕೆ ಹೊಸ ತಿರುವು ಕೊಟ್ಟವನು ಜನರಲ್ ಮೋಟಾರ್ಸ್ ಕಂಪನಿಯ ಆಲ್ಫ್ರೆಡ್ ಸ್ಲೋನ್. ಪ್ರತಿವರ್ಷವೂ ಕಾರಿನ ರೂಪವನ್ನು ಬದಲಿಸಿ, ಜನರಲ್ಲಿ ಹೊಸದರ ಆಸೆ ಹುಟ್ಟಿಸಬೇಕೆಂಬುದು ಅವನ ನೀತಿ. 1927ರಲ್ಲಿ ಹಾರ್ಲೆ ಅರ್ಲ್ ಎಂಬ ವಿನ್ಯಾಸಕಾರನನ್ನು ಕಂಪನಿ ಇದಕ್ಕಾಗಿಯೇ ನೇಮಿಸಿಕೊಂಡಿತು. ಪರಿಣಾಮವೇನಾಯಿತು? ಎಂಜಿನ್ನು, ಗೇರುಗಳಂಥ ಒಳಭಾಗಗಳು ಹಲವು ವರ್ಷ ಒಂದೇ ಬಗೆಯಾಗಿ ಉಳಿದರೂ, ಮುಂಭಾಗದ ಜಾಲರಿ, ದೀಪದ ಅಂಚು, ಚಕ್ರದ ಮುಚ್ಚಳ, ಬಾನೆಟ್ಟಿನ ಮೇಲಿನ ಲಾಂಛನ ಇವೆಲ್ಲ ಒಂದು ವರ್ಷಕ್ಕೆ ಮಾತ್ರ ಸೀಮಿತವಾದವು. 1957ರ ಷೆವರ್ಲೆ ಕಾರಿನ ಅಲಂಕಾರಪಟ್ಟಿ 1958ರ ಕಾರಿಗೆ ನಿರುಪಯೋಗಿ. ಹೊಸದರ ಆಸೆ ಹುಟ್ಟಿಸಲು ಮಾಡಿದ ಉಪಾಯವೇ ಮುಂದೆ ಹಳೆಯದನ್ನು ದುರ್ಲಭಗೊಳಿಸಿತು. ಇಂದು ಹಳೆಯ ಕಾರನ್ನು ಸರಿಪಡಿಸುವವರು ಎಂಜಿನ್ ಭಾಗಗಳಿಗಿಂತ ಹೆಚ್ಚಾಗಿ ಈ ಅಲಂಕಾರದ ಭಾಗಗಳಿಗಾಗಿ ಅಲೆದಾಡುವುದು ಇದಕ್ಕೇ. ಸಾಲದುದಕ್ಕೆ, ಇವುಗಳಲ್ಲಿ ಬಹಳಷ್ಟನ್ನು ಅಚ್ಚಿಗೆ ಎರೆದ ಸತುವಿನ ಮಿಶ್ರಲೋಹದಿಂದ ಮಾಡಿ ಕ್ರೋಮಿಯಂ ಲೇಪ ಕೊಡುತ್ತಿದ್ದರು. ಲೇಪದ ಕೆಳಗೆ ಆ ಲೋಹ ಗುಳ್ಳೆಯೆದ್ದು ಹಾಳಾಗುತ್ತದೆ. ಅದನ್ನು ಸರಿಪಡಿಸುವುದು ಬಹು ಕಷ್ಟ.

ಇನ್ನು ಡೀಲರುಗಳ ಅಂಗಡಿಯ ಸಾಮಗ್ರಿಗಳ ಮಾತು. ಉಕ್ಕಿನ ತಗಡಿನ ಮೇಲೆ ಗಾಜಿನಂಥ ಎನಾಮಲ್ ಪುಡಿಯನ್ನು ಬಣ್ಣಬಣ್ಣವಾಗಿ ಕುಲುಮೆಯಲ್ಲಿ ಬೇಯಿಸಿ ಮಾಡಿದ ನಾಮಫಲಕಗಳು, ನಿಯಾನ್ ದೀಪಗಳು, ಗೋಡೆ ಗಡಿಯಾರಗಳು, ಬಣ್ಣಗಳ ಮಾದರಿ ಹಾಳೆಗಳು, ಮಾರಾಟದ ಪುಸ್ತಿಕೆಗಳು, ಬಿಡಿಭಾಗಗಳ ಸಂಖ್ಯೆಯಿರುವ ದಪ್ಪ ಸೂಚೀಗ್ರಂಥಗಳು, ಕೀಲಿಗೊಂಚಲುಗಳು, ಪ್ರಚಾರಕ್ಕೆಂದು ಹಂಚುತ್ತಿದ್ದ ಆಟಿಕೆಯ ಗಾತ್ರದ ಪ್ಲಾಸ್ಟಿಕ್ ಕಾರುಗಳು. ಇವಾವುವನ್ನೂ ಉಳಿಸಿಕೊಳ್ಳಬೇಕೆಂದು ಯಾರೂ ಮಾಡಿದ್ದಲ್ಲ. ಹೊಸ ಮಾದರಿ ಬಂದೊಡನೆ ಹಿಂದಿನ ವರ್ಷದ ಪುಸ್ತಿಕೆ ಕಸದ ಬುಟ್ಟಿಗೆ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ, 1942ರ ಫೆಬ್ರವರಿಯ ವೇಳೆಗೆ ಅಮೆರಿಕದಲ್ಲಿ ನಾಗರಿಕರಿಗಾಗಿ ಕಾರು ತಯಾರಿಸುವುದೇ ನಿಂತುಹೋಯಿತು. ಊರೂರಿನಲ್ಲಿ ಗುಜರಿ ಲೋಹ ಸಂಗ್ರಹಿಸುವ ಅಭಿಯಾನ ನಡೆದು, ಹಳೆಯ ಕಾರುಗಳೂ ಫಲಕಗಳೂ ಕುಲುಮೆ ಸೇರಿದವು. ಉಳಿದದ್ದು ಯಾರದೋ ಅಟ್ಟದಲ್ಲಿ, ಯಾರದೋ ಕೊಟ್ಟಿಗೆಯಲ್ಲಿ ಮರೆತುಹೋದದ್ದು ಮಾತ್ರ.

ಯುದ್ಧಾನಂತರ ಈ ಮರೆತ ವಸ್ತುಗಳಿಗೆ ಸಂತೆಗಳು ಹುಟ್ಟಿಕೊಂಡವು. 1935ರಲ್ಲಿ ಸ್ಥಾಪನೆಯಾಗಿದ್ದ ಅಮೆರಿಕದ ಪುರಾತನ ಕಾರುಗಳ ಸಂಘವು ಪೆನ್ಸಿಲ್ವೇನಿಯ ರಾಜ್ಯದ ಹರ್ಷೀ ಎಂಬ ಊರಿನಲ್ಲಿ ವರ್ಷಕ್ಕೊಮ್ಮೆ ಶರತ್ಕಾಲದ ಕೂಟವನ್ನು ನಡೆಸುತ್ತದೆ. ಚಾಕೊಲೇಟಿಗೆ ಹೆಸರಾದ ಆ ಊರು ಈಗ ಬಿಡಿಭಾಗಗಳ ಸಂತೆಗೂ ಅಷ್ಟೇ ಹೆಸರುವಾಸಿ. ಇಂಗ್ಲೆಂಡಿನ ಬ್ಯೂಲೀ ಎಂಬಲ್ಲಿ 1967ರಲ್ಲಿ ಲಾರ್ಡ್ ಮಾಂಟೆಗೂ ಇಂಥದೇ ಸಂತೆಯನ್ನು ಆರಂಭಿಸಿದರು. ಹಳೆಯ ಸಾಮಾನುಗಳ ಮಾರಾಟಕ್ಕೆ ಇಂಗ್ಲಿಷರು ಹೇಳುವ 'ಜಂಬಲ್' ಎಂಬ ಮಾತಿಗೆ ಕಾರನ್ನು ಸೇರಿಸಿ ಅದಕ್ಕೆ 'ಆಟೊಜಂಬಲ್' ಎಂದು ಹೆಸರಾಯಿತು. ನಮ್ಮ ಜಾತ್ರೆಯ ಅಂಗಡಿಸಾಲಿನಂತೆಯೇ ನೆಲದ ಮೇಲೆ ಹಾಸು ಹಾಸಿ, ಕಾರ್ಬ್ಯುರೇಟರು, ಹಾರನ್ನು, ಸ್ಪೀಡೋಮೀಟರುಗಳನ್ನು ಹರವಿಕೊಂಡು ವ್ಯಾಪಾರಿಗಳು ಕುಳಿತಿರುತ್ತಾರೆ. 1995ರಲ್ಲಿ ಈಬೇ ಆರಂಭವಾದ ಮೇಲೆ ಈ ಸಂತೆ ಅಂತರ್ಜಾಲಕ್ಕೂ ವ್ಯಾಪಿಸಿತು.

ಈ ವ್ಯಾಪಾರದಲ್ಲಿ 'ನ್ಯೂ ಓಲ್ಡ್ ಸ್ಟಾಕ್' ಎಂಬ ಒಂದು ವಿಚಿತ್ರ ಪದವಿದೆ. ಹಳೆಯ ಕಾಲದಲ್ಲಿ ತಯಾರಾಗಿ, ಒಮ್ಮೆಯೂ ಬಳಕೆಯಾಗದೆ, ಮೂಲ ಪೆಟ್ಟಿಗೆಯಲ್ಲೇ ಉಳಿದ ಭಾಗ ಎಂದು ಅದರ ಅರ್ಥ. ಹಳೆಯದೂ ಹೌದು, ಹೊಸದೂ ಹೌದು. ಇಂಥದಕ್ಕೆ ಬೆಲೆ ಹೆಚ್ಚು. ಬೆಲೆ ಹೆಚ್ಚಿದಲ್ಲಿ ನಕಲಿಯೂ ಹುಟ್ಟುವುದು ಲೋಕರೂಢಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಇಂದು ತಯಾರಿಸಿದ ಫಲಕಕ್ಕೆ ಬೇಕೆಂದೇ ಚಕ್ಕೆ ಎಬ್ಬಿಸಿ, ತುಕ್ಕು ಬರಿಸಿ, ಐವತ್ತರ ದಶಕದ್ದೆಂದು ಮಾರುವವರಿದ್ದಾರೆ. ಪ್ರತಿಕೃತಿಯನ್ನು ಪ್ರತಿಕೃತಿಯೆಂದು ಹೇಳಿ ಮಾರಿದರೆ ತಪ್ಪೇನಿಲ್ಲ. ಎಷ್ಟೋ ಕಾರುಗಳು ಓಡುತ್ತಿರುವುದೇ ಅಂಥ ಭಾಗಗಳಿಂದ. ಹೇಳದೆ ಮಾರುವುದು ಮೋಸ.

ನಿಜವನ್ನು ಕಂಡುಹಿಡಿಯುವ ಬಗೆಗಳೂ ಸ್ವಾರಸ್ಯವಾಗಿವೆ. ಷೆವರ್ಲೆ ಎಂಜಿನ್ನುಗಳ ಎರಕದ ಮೇಲೆ ಒಂದು ಅಕ್ಷರ ಮತ್ತು ಕೆಲವು ಅಂಕಿಗಳಿರುತ್ತವೆ. ಇಂಗ್ಲಿಷಿನ ಎ ಎಂದರೆ ಜನವರಿ, ಬಿ ಎಂದರೆ ಫೆಬ್ರವರಿ. ಹೀಗೆ ಎಲ್ ಎಂದರೆ ಡಿಸೆಂಬರ್. ಮುಂದಿನ ಅಂಕಿ ದಿನವನ್ನೂ ಕೊನೆಯದು ವರ್ಷವನ್ನೂ ಸೂಚಿಸುತ್ತದೆ. ಮಾರ್ಚಿಯಲ್ಲಿ ತಯಾರಾದ ಕಾರಿನೊಳಗೆ ಅದೇ ವರ್ಷದ ಜೂನಿನಲ್ಲಿ ಎರಕ ಹೊಯ್ದ ಎಂಜಿನ್ ಇದ್ದರೆ ಅದು ಮೂಲದ್ದಲ್ಲವೆಂಬುದು ಸ್ಪಷ್ಟ. ನಮ್ಮ ಶಾಸನತಜ್ಞರು ಕಲ್ಲಿನಲ್ಲಿ ಹೇಳಿದ ವಾರ, ತಿಥಿ, ಸಂವತ್ಸರಗಳು ಪರಸ್ಪರ ಹೊಂದುತ್ತವೆಯೇ ಎಂದು ನೋಡಿ ಕೂಟಶಾಸನವನ್ನು ಗುರುತಿಸುವ ಕ್ರಮಕ್ಕೂ ಇದಕ್ಕೂ ಏನು ವ್ಯತ್ಯಾಸ? ಎರಡೂ ಸಾಕ್ಷ್ಯದ ಪರೀಕ್ಷೆಯೇ.

ಈ ಎಲ್ಲ ಎಳೆಗಳೂ ಒಂದೆಡೆ ಕೂಡಿದ್ದು 2013ರಲ್ಲಿ, ನೆಬ್ರಾಸ್ಕ ರಾಜ್ಯದ ಪಿಯರ್ಸ್ ಎಂಬ ಪುಟ್ಟ ಊರಿನಲ್ಲಿ. ಲ್ಯಾಂಬ್ರೆಕ್ಟ್ ಎಂಬ ಮನೆತನದ ದಂಪತಿಗಳು ಅಲ್ಲಿ ಸುಮಾರು 50 ವರ್ಷ ಷೆವರ್ಲೆ ಡೀಲರಾಗಿ ವ್ಯಾಪಾರ ನಡೆಸಿ 1996ರಲ್ಲಿ ಅಂಗಡಿ ಮುಚ್ಚಿದ್ದರು. ಅವರ ಪದ್ಧತಿ ವಿಶಿಷ್ಟವಾದುದು. ವರ್ಷದ ಕೊನೆಗೆ ಮಾರಾಟವಾಗದೆ ಉಳಿದ ಹೊಸ ಕಾರುಗಳನ್ನು ಇತರರಂತೆ ಬೆಲೆ ಇಳಿಸಿ ಮಾರದೆ, ಹಾಗೆಯೇ ಇಟ್ಟುಕೊಳ್ಳುತ್ತಿದ್ದರು. ಗಿರಾಕಿಗಳು ವಿನಿಮಯಕ್ಕೆ ಕೊಟ್ಟ ಹಳೆಯ ಕಾರುಗಳನ್ನು ಹೊಲದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಹೊಲದ ಕಾರುಗಳ ನಡುವೆ ಮರಗಳು ಬೆಳೆದವು. ಒಳಗಿಟ್ಟವುಗಳ ಮೇಲೆ ದಶಕಗಳ ಧೂಳು ಕುಳಿತಿತು. ಆ ವರ್ಷದ ಸೆಪ್ಟೆಂಬರ್ 28 ಮತ್ತು 29ರಂದು ಸುಮಾರು 500 ವಾಹನಗಳು ಹರಾಜಾದವು. ಎರಡು ಸಾವಿರ ಜನವೂ ಇಲ್ಲದ ಊರಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. 1958ರ ಷೆವರ್ಲೆ ಕ್ಯಾಮಿಯೊ ಪಿಕ್‌ಅಪ್ ಗಾಡಿಯೊಂದು ಹುಟ್ಟಿದಂದಿನಿಂದ ಓಡಿದ್ದು 1.3 ಮೈಲಿ, ಎಂದರೆ ಸುಮಾರು ಎರಡು ಕಿಲೋಮೀಟರು ಮಾತ್ರ. ಅದು 1,40,000 ಡಾಲರಿಗೆ ಹೋಯಿತು. ಕಾರುಗಳ ಜೊತೆಗೆ ಚಕ್ರದ ಮುಚ್ಚಳಗಳು, ಅಂಗಡಿಯ ಸಾಮಗ್ರಿಗಳು ಎಲ್ಲವೂ ಮಾರಾಟವಾದವು.

ಕೆಲವು ಕಾರುಗಳ ಕಿಟಕಿಯ ಗಾಜಿಗೆ ತಯಾರಕರು ಅಂಟಿಸಿದ ಬೆಲೆಚೀಟಿ ಹಾಗೆಯೇ ಇತ್ತು. ಆ ಚೀಟಿಗೂ ಒಂದು ಇತಿಹಾಸವಿದೆ. ಡೀಲರುಗಳು ಮನಬಂದಂತೆ ಬೆಲೆ ಹೇಳುವುದನ್ನು ತಡೆಯಲು ಒಕ್ಲಹೋಮ ರಾಜ್ಯದ ಸೆನೆಟರ್ ಮನ್ರೋನಿಯವರ ಪ್ರಯತ್ನದಿಂದ 1958ರಲ್ಲಿ ಒಂದು ಕಾನೂನು ಬಂದಿತು. ಹೊಸ ಕಾರಿನ ಬೆಲೆಯ ವಿವರವನ್ನು ಕಿಟಕಿಗೆ ಅಂಟಿಸಲೇಬೇಕು. ಗಿರಾಕಿಯ ಕೈ ಸೇರುವ ಮೊದಲು ಅದನ್ನು ತೆಗೆಯುವಂತಿಲ್ಲ. ಆದುದರಿಂದ ಆ ಚೀಟಿ ಇನ್ನೂ ಗಾಜಿನ ಮೇಲಿದೆಯೆಂದರೆ, ಈ ಕಾರು ಯಾರ ಮನೆಗೂ ಹೋಗಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಹಿಡಿಯಷ್ಟು ಕಾಗದ ಇಡೀ ಕಾರಿನ ಪರವಾಗಿ ಮಾತನಾಡುತ್ತದೆ.

ಆ ಎರಡು ದಿನಗಳ ಬಳಿಕ ಎಲ್ಲವೂ ದಿಕ್ಕುಪಾಲಾಯಿತು. ಇದರಲ್ಲಿ ಕೊಂಡವರ ತಪ್ಪಾಗಲಿ ಮಾರಿದವರ ತಪ್ಪಾಗಲಿ ಇಲ್ಲ. ವೃದ್ಧರಾದ ಒಡೆಯರು ತಮ್ಮ ಆಸ್ತಿಯನ್ನು ಬೇಕಾದಂತೆ ವಿಲೇವಾರಿ ಮಾಡಬಹುದು. ಕೊಂಡವರಿಂದಲೇ ಆ ಕಾರುಗಳಿಗೆ ಮರುಜೀವ ಬರಬಹುದು. ಆದರೂ ಇತಿಹಾಸದ ಮೇಷ್ಟರಾಗಿ ನನಗೆ ಒಂದು ಕಳವಳವಿದೆ. ಒಂದೇ ಊರಿನ ಜನ ಅರ್ಧ ಶತಮಾನ ಯಾವ ಕಾರನ್ನು ಕೊಂಡರು, ಯಾವುದನ್ನು ಬಿಟ್ಟುಕೊಟ್ಟರು, ಏನು ಬೆಲೆ ತೆತ್ತರು ಎಂಬ ಕಥೆ ಆ ವಸ್ತುಗಳು ಒಟ್ಟಿಗಿದ್ದಾಗ ಮಾತ್ರ ಓದಬಹುದಾದದ್ದು. ಒಂದೊಂದು ಹಾಳೆಯೂ ಒಬ್ಬೊಬ್ಬರ ಪಾಲಾದರೆ ಪುಸ್ತಕ ಉಳಿದೀತೇ? ಹೊಳೆಯುವ ಫಲಕಕ್ಕೆ ಸಾವಿರಾರು ಡಾಲರ್ ಕೊಡುವ ಪೇಟೆಯು ರಸೀದಿ ಪುಸ್ತಕಕ್ಕೆ, ಲೆಕ್ಕದ ಖಾತೆಗೆ, ಗಿರಾಕಿಯ ಪತ್ರಕ್ಕೆ ಅಷ್ಟು ಬೆಲೆ ಕಟ್ಟುವುದಿಲ್ಲ. ಇತಿಹಾಸಕಾರನಿಗಾದರೋ ಫಲಕಕ್ಕಿಂತ ಖಾತೆಯೇ ಮಿಗಿಲು. ಈ ಮಾತು ಒಂದು ಊರಿಗೆ ಸೀಮಿತವೂ ಅಲ್ಲ. 2009ರ ದಿವಾಳಿಯ ಸಂದರ್ಭದಲ್ಲಿ ಕ್ರೈಸ್ಲರ್ ಕಂಪನಿಯೊಂದೇ 789 ಡೀಲರುಗಳ ಒಪ್ಪಂದವನ್ನು ಕೊನೆಗೊಳಿಸಿತು. ಅವುಗಳಲ್ಲಿ ತಲೆಮಾರುಗಳ ಕಾಲ ನಡೆದ ಅಂಗಡಿಗಳೂ ಇದ್ದವು.

ನಮ್ಮ ದೇಶಕ್ಕೂ ಈ ಕಥೆ ಹೊರಗಿನದಲ್ಲ. ಜನರಲ್ ಮೋಟಾರ್ಸ್ 1928ರಲ್ಲಿಯೇ ಮುಂಬಯಿಯ ಸೇವ್ರಿಯಲ್ಲಿ ಷೆವರ್ಲೆ ಮೊದಲಾದ ಕಾರುಗಳನ್ನು ಜೋಡಿಸತೊಡಗಿ 1954ರಲ್ಲಿ ನಿಲ್ಲಿಸಿತು. ಮತ್ತೆ ಭಾರತಕ್ಕೆ ಬಂದ ಷೆವರ್ಲೆ 2017ರ ಕೊನೆಗೆ ಮಾರಾಟ ನಿಲ್ಲಿಸಿ ಹೊರಟಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅಂಥ ಕಾರುಗಳ ಒಡೆಯರು ಬೆಂಗಳೂರಿನ ಜೆ.ಸಿ. ರಸ್ತೆ, ಎಸ್.ಜೆ.ಪಿ. ರಸ್ತೆಗಳ ಅಂಗಡಿಗಳಲ್ಲಿ ಬಿಡಿಭಾಗಕ್ಕಾಗಿ ವಿಚಾರಿಸುವುದುಂಟು. 2021ರಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ಮೀರಿದ, ಮೂಲರೂಪದಲ್ಲಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರಗಳ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿತು. ಚಾಸಿ, ಹೊರಕವಚ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ಎಂದರೆ, ಯಾವ ಭಾಗ ಮೂಲದ್ದು ಎಂಬ ಪ್ರಶ್ನೆ ಹವ್ಯಾಸಿಗಳ ಚರ್ಚೆಯನ್ನು ದಾಟಿ ಕಾನೂನಿನ ಪ್ರಶ್ನೆಯೂ ಆಗಿದೆ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ನಿಮ್ಮ ಅಜ್ಜನವರ ಕಾಲದ ಫಿಯೆಟ್, ಅಂಬಾಸಿಡರ್, ಲ್ಯಾಂಬ್ರೆಟಾ ಯಾವುದಾದರೂ ಮನೆಯಲ್ಲಿದ್ದರೆ, ಅಥವಾ ನಿಮ್ಮ ಹಿರಿಯರು ಗ್ಯಾರೇಜು, ಪೆಟ್ರೋಲ್ ಬಂಕು, ವಾಹನದ ಏಜೆನ್ಸಿ ನಡೆಸಿದ್ದರೆ, ಗಾಡಿಯನ್ನು ಗುಜರಿಗೆ ಹಾಕುವ ಮುನ್ನ ಕಾಗದಗಳ ಕಟ್ಟನ್ನು ಬಿಚ್ಚಿ ನೋಡಿರಿ. ಕೊಂಡ ರಸೀದಿ, ಕೈಪಿಡಿ, ರಿಪೇರಿಯ ಚೀಟಿ, ಹಳೆಯ ಸಾಮಾನಿನ ಪೆಟ್ಟಿಗೆ ಇವನ್ನು ಗಾಡಿಯಿಂದ ಬೇರ್ಪಡಿಸಬೇಡಿ. ಮಾರುವುದೇ ಆದರೆ ಎಲ್ಲವನ್ನೂ ಒಟ್ಟಿಗೆ ಮಾರಿರಿ. ಮಾರುವ ಮೊದಲು ಪ್ರತಿಯೊಂದರ ಚಿತ್ರ ತೆಗೆದು, ಯಾರು, ಎಂದು, ಎಲ್ಲಿ ಕೊಂಡರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿ. ಲೋಹದ ಭಾಗ ಇನ್ನೊಂದು ಸಂತೆಯಲ್ಲಿ ಸಿಕ್ಕೀತು. ಅದರ ಕಥೆ ಬಲ್ಲವರು ಮಾತ್ರ ಯಾವ ಸಂತೆಯಲ್ಲಿಯೂ ಸಿಗುವುದಿಲ್ಲ.