ಕಿಶೋರಿಯರ ಪೂರಕ ಪೌಷ್ಟಿಕ ಆಹಾರ: ಪೋಷಣ್ ಟ್ರ್ಯಾಕರ್ ಮೊಬೈಲ್ ಆ್ಯಪ್‌ನಲ್ಲಿ ನೋಂದಣಿ

ಉದ್ದೇಶ: ಬೆಳೆಯುವ ವಯಸ್ಸಿನ ಬಾಲಕಿಯರಲ್ಲಿ ಕಂಡುಬರುವ ಅಪೌಷ್ಟಿಕತೆ ಹಾಗೂ ರಕ್ತಹೀನತೆಯನ್ನು ತಡೆಗಟ್ಟುವುದು.

ಅರ್ಹತೆ: ರಾಜ್ಯದ ಮಹತ್ವಾಕಾಂಕ್ಷಿ ಜಿಲ್ಲೆಗಳಾದ ರಾಯಚೂರು ಮತ್ತು ಯಾದಗಿರಿಯಲ್ಲಿ ವಾಸಿಸುವ 14ರಿಂದ 18 ವರ್ಷದ ಬಾಲಕಿಯರು.

ಸೌಲಭ್ಯ: ವರ್ಷಕ್ಕೆ 300 ದಿನ, ದಿನವೊಂದಕ್ಕೆ 600 ಕಿಲೋ ಕ್ಯಾಲೊರಿ ಶಕ್ತಿ ಹಾಗೂ 18ರಿಂದ 20 ಗ್ರಾಂ ಪ್ರೋಟೀನ್ ಒದಗಿಸುವ ಆಹಾರ. ಇದು ಮನೆಯ ಊಟಕ್ಕೆ ಪೂರಕವೇ ಹೊರತು ಬದಲಿಯಲ್ಲ.

ನೋಂದಣಿ ವಿಧಾನ: ಬಾಲಕಿಯ ಆಧಾರ್ ಕಾರ್ಡಿನೊಂದಿಗೆ ಸಮೀಪದ ಅಂಗನವಾಡಿ ಕೇಂದ್ರವನ್ನು ಸಂಪರ್ಕಿಸತಕ್ಕದ್ದು. 2021ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಈ ಆ್ಯಪ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯೇ ವಿವರಗಳನ್ನು ದಾಖಲಿಸುತ್ತಾರೆ. ಇದಕ್ಕಾಗಿ ಕುಟುಂಬದವರು ಸ್ಮಾರ್ಟ್‌ಫೋನ್ ಹೊಂದಿರಬೇಕಾಗಿಲ್ಲ.

ಗಮನಿಸಿ: ಆ್ಯಪ್‌ನಲ್ಲಿ ಹೆಸರಿಲ್ಲದ ಬಾಲಕಿಯು ಅರ್ಹಳಾಗಿದ್ದರೂ ಆಹಾರದಿಂದ ವಂಚಿತಳಾಗುವ ಸಂಭವವಿರುತ್ತದೆ. ಆದ್ದರಿಂದ ಹೆಸರು ದಾಖಲಾಗಿರುವುದನ್ನು ಪೋಷಕರು ಖಚಿತಪಡಿಸಿಕೊಳ್ಳುವುದು. ತೊಂದರೆಯಾದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಲಿಖಿತ ಮನವಿ ಸಲ್ಲಿಸಬಹುದಾಗಿದೆ.